ಹಳೆ ಮಿನಿ ಟ್ರಾಕ್ಟರ್ ಕೊಳ್ಳುವವರು ಬಣ್ಣಕ್ಕೆ ದುಡ್ಡು ಕೊಡದಿರಲಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗಳ ಕೃಷಿ ಪುಟಗಳಲ್ಲಿ ಹೊಸ ಯಂತ್ರ ಬಂದರೆ ಸುದ್ದಿ, ಅದಕ್ಕೆ ಸಹಾಯಧನ ಸಿಕ್ಕರೆ ಇನ್ನೂ ದೊಡ್ಡ ಸುದ್ದಿ. ಹಳೆಯ ಯಂತ್ರದ ಬಗ್ಗೆ ಮಾತ್ರ ಒಂದು ಸಾಲೂ ಕಾಣುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಆನೇಕಲ್, ಕನಕಪುರ ರಸ್ತೆಯ ಆಚೀಚೆ ಎರಡು–ಮೂರು ಎಕರೆ ತೋಟ ಇಟ್ಟುಕೊಂಡವರು ಹುಡುಕುವುದು 15ರಿಂದ 20 ಎಚ್‌ಪಿಯ ಹಳೆ ಮಿನಿ ಟ್ರಾಕ್ಟರನ್ನು. ಮಾವು, ತೆಂಗು, ದ್ರಾಕ್ಷಿ ಸಾಲುಗಳ ನಡುವೆ ದೊಡ್ಡ ಟ್ರಾಕ್ಟರ್ ತಿರುಗುವುದಿಲ್ಲ, ಪವರ್ ಟಿಲ್ಲರ್ ಹಿಂದೆ ದಿನವಿಡೀ ನಡೆಯಲು ಆಳು ಸಿಗುವುದಿಲ್ಲ. ಹಾಗಾಗಿ ಈ ಆಯ್ಕೆ ಸರಿಯಾದದ್ದೇ. ಕೊಳ್ಳುವ ರೀತಿ ಮಾತ್ರ ಸರಿಯಿಲ್ಲ. ಹೊಸ ಪೇಂಟು, ಹೊಳೆಯುವ ಟಯರು, ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಎಂಜಿನ್ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಈ ಮೂರೂ ಮಾರುವವನು ಎರಡೇ ದಿನದಲ್ಲಿ ತಯಾರು ಮಾಡಬಹುದಾದ ಸಂಗತಿಗಳು. ಆಮೇಲೆ ರಿಪೇರಿಗೆ ಇಳಿದಾಗಲೂ ಮೊದಲು ಮಾಡಬೇಕಾದದ್ದು ಕೊನೆಗೆ, ಕೊನೆಗೆ ಮಾಡಬೇಕಾದದ್ದು ಮೊದಲಿಗೆ ಆಗುತ್ತಿದೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ.

ಮೊದಲು ಯಾವುದನ್ನು ಕೊಳ್ಳಬಾರದು ಎಂದು ಹೇಳಿಬಿಡುತ್ತೇನೆ. ರೆಸಾರ್ಟ್, ಗಾಲ್ಫ್ ಮೈದಾನಗಳ ಹರಾಜಿನಲ್ಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಟ್ರಾಕ್ಟರುಗಳು ಅಗ್ಗಕ್ಕೆ ಸಿಗುತ್ತವೆ. ಅವು ನೋಡಲು ಟ್ರಾಕ್ಟರಿನಂತಿದ್ದರೂ ಅವುಗಳ ಹಿಂದಿನ ಗೇರ್‌ಬಾಕ್ಸ್ ಉಳುಮೆಯ ಎಳೆತಕ್ಕೆ ಮಾಡಿದ್ದಲ್ಲ. ಕಲ್ಟಿವೇಟರ್ ಕಟ್ಟಿ ನಮ್ಮ ಕೆಂಪು ಮಣ್ಣಿಗೆ ಇಳಿಸಿದರೆ ಒಳಗಿನ ಹೈಡ್ರಾಲಿಕ್ ಪಂಪು ಕಾದು ಸವೆದು ಹೋಗುತ್ತದೆ, ಬಿಡಿಭಾಗ ಹೊರದೇಶದಿಂದ ಬರಬೇಕು. ಲಾನ್ ಇದ್ದವರು ಕೊಳ್ಳಲಿ, ತೋಟದವರು ಬೇಡ.

ತೋಟಕ್ಕೆ ಬೇಕಾದದ್ದು ಡೀಸೆಲ್, ನೀರಿನಿಂದ ತಂಪಾಗುವ ಎಂಜಿನ್, ತ್ರೀ ಪಾಯಿಂಟ್ ಲಿಂಕೇಜ್ (ಹಿಂದೆ ಉಪಕರಣ ಕಟ್ಟುವ ಮೂರು ಕೊಂಡಿ), 540 ಆರ್‌ಪಿಎಂ ಪಿಟಿಒ (ರೋಟವೇಟರಿನಂಥ ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಇರುವ ಯಂತ್ರ. ಬೆಂಗಳೂರಿನಲ್ಲೇ 1967ರಲ್ಲಿ ಆರಂಭವಾದ ವಿಎಸ್‌ಟಿ ಕಂಪನಿಯ ಮೂರು ಸಿಲಿಂಡರಿನ ಶಕ್ತಿ ಎಂಟಿ 180 ಡಿ, ಮಹೀಂದ್ರದ ಒಂದೇ ಸಿಲಿಂಡರಿನ 15 ಎಚ್‌ಪಿ ಯುವರಾಜ್ 215, ಇವು ಈ ಭಾಗದಲ್ಲಿ ಹಳೆಯದಾಗಿ ಸಿಗುವ ಯಂತ್ರಗಳಲ್ಲಿ ಸೇರಿವೆ. ಮೂರು ಸಿಲಿಂಡರಿನದ್ದು ನಡುಗುವುದು ಕಡಿಮೆ, ಒಂದೇ ಸಿಲಿಂಡರಿನದ್ದು ಬಿಚ್ಚಿದರೆ ಖರ್ಚು ಕಡಿಮೆ. ಯಾವುದೇ ಆದರೂ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ), ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಸೀಲ್ ಕಿಟ್ ಮೂರಕ್ಕೂ ಅಂಗಡಿಯಲ್ಲಿ ಬೆಲೆ ಕೇಳಿ. ಮೂರೂ ಸಿಗುತ್ತವೆ ಎಂದಾದ ಮೇಲೆ ಯಂತ್ರ ನೋಡಲು ಹೋಗಿ.

ಯಂತ್ರ ಎಷ್ಟು ಗಂಟೆ ಓಡಿದೆ ಎಂಬುದಕ್ಕಿಂತ ಎಲ್ಲಿ ಓಡಿದೆ ಎಂಬುದು ಮುಖ್ಯ. ಗಂಟೆ ಮೀಟರಿನ ಕೇಬಲ್ ಕಿತ್ತಿಟ್ಟರೆ ಲೆಕ್ಕ ನಿಂತುಹೋಗುತ್ತದೆ, ಅದನ್ನು ನಂಬಬೇಡಿ. ಕ್ಲಚ್ ಪೆಡಲಿನ ರಬ್ಬರ್ ಸವೆದಿದೆಯೇ, ಟ್ರೇಲರ್ ಕಟ್ಟುವ ಡ್ರಾಬಾರಿನ ತೂತು ದುಂಡಗಿದೆಯೋ ಮೊಟ್ಟೆಯಾಕಾರಕ್ಕೆ ತಿರುಗಿದೆಯೋ, ಪಿಟಿಒ ಶಾಫ್ಟಿನ ಆರು ಹಲ್ಲುಗಳ ಅಂಚು ಚೂಪಾಗಿವೆಯೇ, ಇವು ಸುಳ್ಳು ಹೇಳುವುದಿಲ್ಲ. ಡ್ರಾಬಾರಿನ ತೂತು ಎಳೆದುಕೊಂಡಿದ್ದರೆ ಅದು ಟ್ರೇಲರಿಗೆ ಕಲ್ಲು–ಮರಳು ತುಂಬಿ ಓಡಿಸಿದ ಗಾಡಿ. ಕ್ಲಚ್, ಬ್ರೇಕ್ ಎರಡನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ಗದ್ದೆಯಲ್ಲಿ ಕೆಸರು ಹೊಡೆದ ಯಂತ್ರವಾದರೆ ಹಿಂದಿನ ಆಕ್ಸಲಿನ ಆಯಿಲ್ ಸೀಲ್ ಹೋಗಿ ಬ್ರೇಕ್ ಡ್ರಮ್ಮಿಗೆ ಎಣ್ಣೆ ಇಳಿದಿರುತ್ತದೆ, ಮುಂದಿನ ಆಕ್ಸಲಿನ ಬೇರಿಂಗಿಗೆ ಕೆಸರು ಹೊಕ್ಕಿರುತ್ತದೆ.

ನಮ್ಮ ಕಡೆ ಹೆಚ್ಚು ಗಮನ ಕೊಡಬೇಕಾದದ್ದು ದ್ರಾಕ್ಷಿ ತೋಟದಿಂದ ಬಂದ ಯಂತ್ರಕ್ಕೆ. ಬೆಂಗಳೂರು ಬ್ಲೂ ಬೆಳೆಯುವ ತೋಟಗಳಲ್ಲಿ ಮಿನಿ ಟ್ರಾಕ್ಟರಿನ ದೊಡ್ಡ ಕೆಲಸ ಔಷಧಿ ಸಿಂಪಡಣೆ. ಬೋರ್ಡೋ ದ್ರಾವಣದ ಮೈಲುತುತ್ತ, ಗಂಧಕದ ಪುಡಿ ವರ್ಷಗಟ್ಟಲೆ ಮೈಮೇಲೆ ಬಿದ್ದಿರುತ್ತವೆ. ಎಂಜಿನ್ ಚೆನ್ನಾಗಿದ್ದರೂ ವೈರಿನ ತುದಿಗಳು ಹಸಿರುಗಟ್ಟಿರುತ್ತವೆ, ಮಡ್‌ಗಾರ್ಡಿನ ಒಳಮೈ ತಿಂದುಹೋಗಿರುತ್ತದೆ, ರೇಡಿಯೇಟರಿನ ಅಲ್ಯೂಮಿನಿಯಂ ರೆಕ್ಕೆಗಳು ಬೆರಳಲ್ಲಿ ಮುಟ್ಟಿದರೆ ಉದುರುತ್ತವೆ. ಇಂಥ ಗಾಡಿಗೆ ಪೇಂಟ್ ಹೊಸದಾಗಿದ್ದರೆ ಚೌಕಾಸಿಗೆ ಇಳಿಯುವ ಮೊದಲು ಮಡ್‌ಗಾರ್ಡನ್ನು ಒಳಗಿನಿಂದ ಬೆರಳುಗೆಣ್ಣಿನಲ್ಲಿ ತಟ್ಟಿ ನೋಡಿ. ಪುಟ್ಟಿ ತುಂಬಿದ ಕಡೆ ಸದ್ದು ಮಂಕಾಗುತ್ತದೆ.

ಪರೀಕ್ಷೆಗೆ ಬೆಳಿಗ್ಗೆ ಹೇಳದೆ ಹೋಗುವುದು ಒಳ್ಳೆಯದು. ಹೋದ ಕೂಡಲೇ ಎಂಜಿನ್ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಾಗಿ ಕಾಯಿಸಿಟ್ಟಿದ್ದಾರೆ ಎಂದರ್ಥ. ಚಹಾ ಕುಡಿದು, ತೋಟ ಸುತ್ತಿ, ತಣ್ಣಗಾಗುವವರೆಗೆ ಕಾಯಿರಿ, ಇಲ್ಲವೇ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಎಣ್ಣೆಯ ಪದರ ಇದೆಯೇ ನೋಡಿ. ಡಿಪ್‌ಸ್ಟಿಕ್ ಎಳೆದು ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ಹಾಗಿದ್ದರೆ ನೀರು ಎಣ್ಣೆಗೆ ಸೇರುತ್ತಿದೆ: ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಸೀಳಿರಬಹುದು. ಎಣ್ಣೆಯನ್ನು ಎರಡು ಬೆರಳ ನಡುವೆ ಎಳೆದು ನೋಡುವುದೂ ಮುಖ್ಯ. ಅಂಟಂಟಾಗಿ ನೂಲಿನಂತೆ ಎಳೆದುಕೊಂಡರೆ ಹೊಗೆ ಮುಚ್ಚಲು ಎಂಜಿನ್‌ಗೆ 90 ನಂಬರಿನ ಗೇರ್ ಆಯಿಲ್ ಬೆರೆಸಿದ್ದಾರೆ.

ಸ್ಟಾರ್ಟ್ ಮಾಡುವಾಗ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದಿರಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿ ಸತ್ತಿದೆ, ಇಲ್ಲವೇ ಸೆಲ್ಫ್ ಮೋಟರು ಹೆಚ್ಚು ಕರೆಂಟ್ ಎಳೆಯುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಹೊಗೆಯ ಬಣ್ಣ ಎಲ್ಲರಿಗೂ ಗೊತ್ತು, ಅರ್ಥ ಮಾಡಿಕೊಳ್ಳುವುದರಲ್ಲಿ ಎಡವುತ್ತಾರೆ. ಮೊದಲ ಅರ್ಧ ನಿಮಿಷದ ಬಿಳಿ ಹೊಗೆ, ತಣ್ಣನೆ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಹೋದದ್ದಕ್ಕೂ ಬರುತ್ತದೆ, ಅದು ಸಣ್ಣ ಖರ್ಚು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ (ಡೀಸೆಲ್ ಚಿಮ್ಮಿಸುವ ಭಾಗ) ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ) ನೋಡಬೇಕು. ಜೊತೆಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್. ಭಾರ ಹಾಕಿದಾಗ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ, ಗಾಬರಿ ಬೇಡ. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಆಗ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಮುಚ್ಚಳ ಕುಣಿದು ಬಿದ್ದು ಒಳಗಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ನಿನ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿವೆ.

ಸಾಧ್ಯವಾದರೆ ಡೀಸೆಲ್ ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ. ಗ್ಲೋ ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ ಅಳೆದರೆ ಇಂಥ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 28ರಿಂದ 32 ಕೆ.ಜಿ. ಸಿಗಬೇಕು, ಖಚಿತ ಅಂಕಿ ಆಯಾ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ, ಅದು ಶೇ 10 ದಾಟಬಾರದು. ಒಂದು ಸಿಲಿಂಡರ್ ಕಡಿಮೆ ತೋರಿದರೆ ಅದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಚಮಚಕ್ಕಿಂತ ಹೆಚ್ಚು ಬಿಡಬಾರದು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಡಿಮೆ, ಎಣ್ಣೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಕ್ಲಚ್ ನೋಡಲು ಬ್ರೇಕ್ ಒತ್ತಿ ಹಿಡಿದು ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಉಪಕರಣ ಎತ್ತುವ ಹೈಡ್ರಾಲಿಕ್ ಲಿಫ್ಟ್ ನೋಡಲು ರೋಟವೇಟರ್ ಕಟ್ಟಿ ಮೇಲೆತ್ತಿ, ಎಂಜಿನ್ ನಿಲ್ಲಿಸಿ, ನೆಲದಿಂದ ಅದರ ಎತ್ತರವನ್ನು ಟೇಪಿನಲ್ಲಿ ಅಳೆದು ಹತ್ತು ನಿಮಿಷ ಬಿಡಿ. ಎರಡು ಇಂಚಿಗಿಂತ ಹೆಚ್ಚು ಇಳಿದರೆ ಲಿಫ್ಟ್ ಪಿಸ್ಟನ್ನಿನ ಓ–ರಿಂಗ್ ಅಥವಾ ಕಂಟ್ರೋಲ್ ವಾಲ್ವ್ ಸೋರುತ್ತಿದೆ. ಮುಂದಿನ ಆಕ್ಸಲನ್ನು ಜಾಕಿಯಲ್ಲಿ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಅಲುಗಾಡಿಸಿ; ಕಟಕಟ ಎಂದರೆ ಕಿಂಗ್ ಪಿನ್ ಬುಷ್. ಆಕ್ಸಲಿನ ನಡುವಿನ ಪಿನ್ನನ್ನು ಎಲ್ಲರೂ ಮರೆಯುತ್ತಾರೆ. ಇಡೀ ಮುಂಭಾಗದ ಭಾರ ಅದರ ಮೇಲೆಯೇ ಇರುತ್ತದೆ, ಅದರ ಗ್ರೀಸ್ ನಿಪ್ಪಲ್ಲು ಮಣ್ಣಿನಲ್ಲಿ ಹೂತುಹೋಗಿ ವರ್ಷಗಟ್ಟಲೆ ಗ್ರೀಸ್ ಕಂಡಿರುವುದಿಲ್ಲ.

ಇನ್ನು ಬೆಲೆ. ಬ್ಯಾಟರಿ, ನಾಲ್ಕು ಟಯರು, ಕ್ಲಚ್ ಸೆಟ್, ಲಿಫ್ಟ್ ಸೀಲುಗಳು, ನಾಜಲ್ ಕೆಲಸ, ಬೇಕಿದ್ದರೆ ಎಂಜಿನ್ ಕೆಲಸ, ಇವಿಷ್ಟಕ್ಕೂ ಅಂಗಡಿಯ ದರ ಬರೆದು ಕೂಡಿಸಿ. ಮಾರುವವನು ಹೇಳುವ ಬೆಲೆಯೂ ಸೇರಿ ಅದೇ ಮಾದರಿಯ ಹೊಸ ಯಂತ್ರದ ದರದ ಶೇ 60 ದಾಟಿದರೆ ಬಿಟ್ಟುಬಿಡಿ ಎಂಬುದು ನನ್ನ ಲೆಕ್ಕ. ಈ ಲೆಕ್ಕವನ್ನು ಈಗ ಇನ್ನಷ್ಟು ಬಿಗಿ ಮಾಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಟ್ರಾಕ್ಟರಿನ ಹಿಂದಿನ ಟಯರು–ಟ್ಯೂಬಿನದ್ದು ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹಳೆ ಯಂತ್ರ ಮಾರುವವರಲ್ಲಿ ಕೆಲವರು ಇನ್ನೂ ತೆರಿಗೆ ಇಳಿಯುವ ಮೊದಲಿದ್ದ ಹೊಸ ಯಂತ್ರದ ಬೆಲೆಯನ್ನೇ ಹಿಡಿದು ಮಾತಾಡುತ್ತಾರೆ.

ಕಾಗದಪತ್ರದಲ್ಲಿ ಅವಸರ ಬೇಡ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಯಂತ್ರದ ಮೇಲೆ ಉಜ್ಜಿ ಓದಿ ತಾಳೆ ನೋಡಿ, ಕಾಗದ ಇಟ್ಟು ಪೆನ್ಸಿಲಿನಲ್ಲಿ ಅಚ್ಚು ತೆಗೆದುಕೊಳ್ಳಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಹೊರರಾಜ್ಯದ ನೋಂದಣಿಯಾಗಿದ್ದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಮೊದಲು ಕೈಗೆ ಬರಲಿ, ಆಮೇಲೆ ದುಡ್ಡು. ಸಾಲದ ಮೇಲೆ ಕೊಂಡ ಯಂತ್ರವಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಪತ್ರದ ಜೊತೆ ಫಾರಂ 35 ಬೇಕು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಸಹಾಯಧನದಲ್ಲಿ ಪಡೆದ ಯಂತ್ರವಾದರೆ ಇಂತಿಷ್ಟು ವರ್ಷ ಮಾರುವಂತಿಲ್ಲ ಎಂದು ಬರೆದುಕೊಟ್ಟಿರಬಹುದು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನೋಂದಣಿಯ ಅವಧಿ 15 ವರ್ಷ; ದಾಟಿದ್ದರೆ ಫಾರಂ 25ರಲ್ಲಿ ಅರ್ಜಿ ಕೊಟ್ಟು ತಪಾಸಣೆ ಮಾಡಿಸಿದರೆ 5 ವರ್ಷಕ್ಕೆ ನವೀಕರಣವಾಗುತ್ತದೆ. ತೋಟದೊಳಗೇ ಓಡಿಸುವುದಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ತೋಟದಿಂದ ತೋಟಕ್ಕೆ ಹೋಗಲು ರಸ್ತೆ ದಾಟಲೇಬೇಕು, ಆಗ ಏನಾದರೂ ಆದರೆ ಥರ್ಡ್ ಪಾರ್ಟಿ ವಿಮೆ ಇಲ್ಲದ ಯಂತ್ರದ ಮಾಲೀಕ ತೋಟ ಮಾರಬೇಕಾಗುತ್ತದೆ.

ಮನೆಗೆ ತಂದ ಮೇಲಿನ ಕೆಲಸಕ್ಕೆ ಬರುತ್ತೇನೆ. ಬಹಳ ದಿನ ನಿಂತ ಯಂತ್ರವನ್ನು ತಂದ ಕೂಡಲೇ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಒಣಗಿದ ರಿಂಗುಗಳು ತುಕ್ಕು ಹಿಡಿದ ಬೋರಿನ ಮೇಲೆ ಉಜ್ಜಿ ಗೀರು ಬೀಳುತ್ತದೆ. ಗ್ಲೋ ಪ್ಲಗ್ ಅಥವಾ ನಾಜಲ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸುಮಾರು 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ತೂತುಗಳು ತೆರೆದೇ ಇರುವಾಗ ಕ್ರ್ಯಾಂಕ್ ಪುಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಆಮೇಲೆ ಸೆಲ್ಫ್ ಹೊಡೆದು ಹೆಚ್ಚಿನ ಎಣ್ಣೆಯನ್ನು ಹೊರಗೆ ಹಾರಿಸಿ, ಆಮೇಲಷ್ಟೇ ನಾಜಲ್ ಕೂರಿಸಿ. ನಾಜಲ್ ಕೆಳಗಿನ ತಾಮ್ರದ ವಾಷರು ಪ್ರತಿ ಸಲವೂ ಹೊಸದಾಗಿರಬೇಕು.

ಟ್ಯಾಂಕಿನ ತಳದಲ್ಲಿ ಹಳೆ ಡೀಸೆಲಿನ ಕಪ್ಪು ಲೋಳೆ ಕೂತಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಯದೆ ಬರೀ ಫಿಲ್ಟರ್ ಬದಲಿಸಿದರೆ ಹೊಸ ಫಿಲ್ಟರೂ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ರಬ್ಬರ್ ಪೈಪುಗಳೆಲ್ಲ ಹೊಸದಾಗಲಿ. ಸೋರದ ಪೈಪೂ ಗಾಳಿ ಎಳೆಯಬಹುದು, ಗಾಳಿ ಎಳೆದ ಎಂಜಿನ್ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಂತುಬಿಡುತ್ತದೆ. ಏರ್ ತೆಗೆಯುವಾಗ ಟ್ಯಾಂಕಿನ ಕಡೆಯಿಂದ ಶುರು ಮಾಡಿ: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ನಾಜಲಿಗೆ ಹೋಗುವ ಪೈಪಿನ ನಟ್. ನಾಜಲನ್ನು ಡೀಸೆಲ್ ಪಂಪ್ ಕೆಲಸದ ಅಂಗಡಿಯಲ್ಲೇ ಪರೀಕ್ಷೆಗೆ ಕೊಡಿ. ಗ್ಲೋ ಪ್ಲಗ್ ಇರುವ ಇಂಥ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 120ರಿಂದ 140 ಬಾರ್ ಒತ್ತಡದಲ್ಲಿ ತೆರೆದು ಮಂಜಿನಂತೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಅದು ಚಿಮ್ಮುವಾಗ ಕೈ ಅಡ್ಡ ಹಿಡಿಯುವ ಅಭ್ಯಾಸ ಕೆಲವು ಮೆಕ್ಯಾನಿಕ್ಕುಗಳಿಗಿದೆ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು ತೆಗೆಯಬೇಕಾಗಿ ಬರಬಹುದು.

ತಂಪಿನ ವ್ಯವಸ್ಥೆಯಲ್ಲಿ ನಮ್ಮ ದೊಡ್ಡ ಶತ್ರು ಬೋರ್‌ವೆಲ್ ನೀರು. ಈ ಭಾಗದ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ ಎಂಜಿನ್ನಿನ ಒಳಗೆ ಸುಣ್ಣದ ಪದರ ಕಟ್ಟಿ, ರೇಡಿಯೇಟರ್ ಹೊಸದಿದ್ದರೂ ಎಂಜಿನ್ ಕಾಯುತ್ತದೆ. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದಿಟ್ಟು, ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ, ಎಂಜಿನ್ ಬೆಚ್ಚಗಾಗುವಂತೆ ಒಂದು ಗಂಟೆ ಓಡಿಸಿ, ಇಳಿಸಿ, ಸೋಡಾ ಪುಡಿಯ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚುವ ತಗಡಿನ ಬಿಲ್ಲೆಗಳು ತೆಳುವಾಗಿದ್ದರೆ ಈ ತೊಳೆತಕ್ಕೆ ಸೋರಲು ಶುರುವಾಗಬಹುದು. ಅವು ಮೊದಲೇ ಹೋಗಿದ್ದವು, ಸುಣ್ಣ ಮುಚ್ಚಿಟ್ಟಿತ್ತು ಅಷ್ಟೇ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ. ತೆಗೆದಿಟ್ಟ ಥರ್ಮೋಸ್ಟ್ಯಾಟನ್ನು ಬಿಸಾಡುವ ರೂಢಿಯೊಂದು ಬೆಳೆದಿದೆ. ಅದಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ, ಬೋರು ಬೇಗ ಸವೆಯುತ್ತದೆ. ಪಾತ್ರೆಯ ನೀರಿನಲ್ಲಿ ಕಾಯಿಸಿ, ಅದರ ಮೇಲೆ ಅಚ್ಚೊತ್ತಿದ ಡಿಗ್ರಿಗೆ ತೆರೆಯುತ್ತದೆಯೇ ನೋಡಿ ಮತ್ತೆ ಹಾಕಿ.

ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಟ್ರಾಕ್ಟರನ್ನು ನಡುವಿಗೆ ಎರಡು ಮಾಡಬೇಕು, ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ. ಇಲ್ಲಿ ಆಗುವ ಅನಾಹುತಕ್ಕೆ ಒಂದು ದೊಡ್ಡ ಕಾರಣ: ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಎರಡೂ ಕಡೆ ಓಲಾಡುತ್ತದೆ ಎಂಬುದನ್ನು ಮರೆಯುವುದು. ಗೇರ್‌ಬಾಕ್ಸಿನಿಂದ ಬಿಡಿಸಿದ ಕೂಡಲೇ ಎಂಜಿನ್ ಪಕ್ಕಕ್ಕೆ ವಾಲಿ ಬೀಳುತ್ತದೆ. ಬೋಲ್ಟ್ ಸಡಿಲಿಸುವ ಮೊದಲೇ ಆಕ್ಸಲಿಗೂ ಅದರ ಮೇಲಿನ ಬ್ರ್ಯಾಕೆಟಿಗೂ ನಡುವೆ ಎರಡೂ ಬದಿ ಗಟ್ಟಿ ಮರದ ಬೆಣೆ ಹೊಡೆಯಿರಿ. ಗೇರ್‌ಬಾಕ್ಸ್ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕಿ ಸಾಲದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಒಳಗೆ ಇಳಿದ ಮೇಲೆ ಪ್ಲೇಟ್ ಒಂದನ್ನೇ ಬದಲಿಸಿ ಮುಚ್ಚಬೇಡಿ. ರಿಲೀಸ್ ಬೇರಿಂಗ್, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಗೇರ್‌ಬಾಕ್ಸ್ ಮುಂದಿನ ಸೀಲ್, ಇವು ಪ್ಲೇಟಿಗಿಂತ ಅಗ್ಗ. ಒಂದು ಬಿಟ್ಟರೂ ಮತ್ತೆ ಇಷ್ಟೇ ಕೆಲಸ. ಜೋಡಿಸುವಾಗ ಪ್ಲೇಟನ್ನು ನಡುವಿಗೆ ಹೊಂದಿಸಲು ಅಲೈನಿಂಗ್ ಶಾಫ್ಟ್ ಬಳಸಿ. ಎರಡು ಭಾಗ ಕೂಡಿಕೊಳ್ಳದಿದ್ದರೆ ಬೋಲ್ಟ್ ಬಿಗಿದು ಎಳೆಯಬಾರದು, ಹಾಗೆ ಎಳೆದರೆ ಕ್ಲಚ್ ಹೌಸಿಂಗ್ ಸೀಳುತ್ತದೆ. ಕೊನೆಗೆ ಪೆಡಲಿಗೆ 20ರಿಂದ 30 ಮಿ.ಮೀ. ಖಾಲಿ ಆಟ (ಒತ್ತಿದರೂ ಕ್ಲಚ್ಚಿಗೆ ತಾಗದ ಜಾಗ) ಬಿಡಿ.

ಎಂಜಿನ್ ಬಿಚ್ಚಿದರೆ ಅಳೆಯದೆ ರಿಂಗ್ ಹಾಕುವುದು ದುಡ್ಡನ್ನು ಚರಂಡಿಗೆ ಹಾಕಿದ ಹಾಗೆ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಸಿ. ಸವೆತ 0.10 ಮಿ.ಮೀ. ಒಳಗಿದ್ದರೆ ಹೋನಿಂಗ್ ಮಾಡಿಸಿ (ಒಳಗೋಡೆಯನ್ನು ನವಿರಾಗಿ ಉಜ್ಜಿಸಿ) ಹೊಸ ರಿಂಗು ಹಾಕಬಹುದು. 0.15 ದಾಟಿದ್ದರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಅಥವಾ ಲೈನರ್ ಬದಲಿಸಬೇಕು. ಬರೀ ರಿಂಗು ಹಾಕಿದ್ದು ಒಂದು ಹಂಗಾಮು ಬಾಳಿದರೆ ಹೆಚ್ಚು. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನ ತಳಭಾಗಕ್ಕೆ ಇಳಿಸಿ ತುದಿಗಳ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. ಈ ಗಾತ್ರದ ಬೋರಿಗೆ 0.15ರಿಂದ 0.40 ಮಿ.ಮೀ. ಇರಬೇಕು. ಸಂದು ತೀರಾ ಕಡಿಮೆಯಾದರೆ ಬಿಸಿಯಲ್ಲಿ ತುದಿಗಳು ಕೂಡಿಕೊಂಡು ರಿಂಗು ಮುರಿಯುತ್ತದೆ. ಹೆಡ್ಡಿನ ಮೇಲ್ಮೈಗೆ ಸ್ಟ್ರೇಟ್ ಎಡ್ಜ್ ಇಟ್ಟು 0.05 ಮಿ.ಮೀ. ಫೀಲರ್ ತೂರಿದರೆ ಲೇತಿನವರ ಹತ್ತಿರ ಮೇಲ್ಮೈ ಹೊಡೆಸಿ. ಟಾರ್ಕ್ ರೆಂಚ್ (ಬೋಲ್ಟ್ ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ಇಲ್ಲದವರಿಂದ ಹೆಡ್ ಕಟ್ಟಿಸಬೇಡಿ. ವಾಲ್ವ್ ಸಂದು ಇಂಥ ಎಂಜಿನ್‌ಗಳಲ್ಲಿ ತಣ್ಣಗಿರುವಾಗ ಸಾಮಾನ್ಯವಾಗಿ 0.25 ಮಿ.ಮೀ. ಆಸುಪಾಸು. ಕಟ್ಟಿದ ಮೇಲೆ ಮೊದಲ ಹತ್ತು ಗಂಟೆ ಹಗುರ ಕೆಲಸ ಕೊಡಿ, ಆದರೆ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ನಿಲ್ಲಿಸಬೇಡಿ, ಭಾರವಿಲ್ಲದೆ ರಿಂಗು ಕೂರುವುದಿಲ್ಲ. 25 ಗಂಟೆಗೆ ಎಣ್ಣೆ, ಆಯಿಲ್ ಫಿಲ್ಟರ್ ಬದಲಿಸಿ. ಇಷ್ಟು ಮಾಡಿಯೂ ಎಣ್ಣೆ ತುಂಬುವ ಏರ್ ಫಿಲ್ಟರನ್ನು ಮರೆತರೆ ಕೆಂಪು ಧೂಳು ಒಂದೇ ಬೇಸಿಗೆಯಲ್ಲಿ ಎಲ್ಲವನ್ನೂ ತಿನ್ನುತ್ತದೆ. ರೋಟವೇಟರ್ ಹೊಡೆಯುವ ದಿನಗಳಲ್ಲಿ ಆ ಫಿಲ್ಟರಿನ ಎಣ್ಣೆ ಬಟ್ಟಲನ್ನು ದಿನಾ ಬಿಚ್ಚಿ ನೋಡಬೇಕು, ತಳದಲ್ಲಿ ಕೆಸರು ಕಂಡರೆ ಎಣ್ಣೆ ಬದಲಿಸಬೇಕು.

ಬಿಡಿಭಾಗಕ್ಕೆ ಕಂಪನಿಯ ಹೆಸರು ಹೇಳಿಕೊಂಡು ಅಲೆಯಬೇಕಾಗಿಲ್ಲ. ಬೇರಿಂಗ್, ಸೀಲ್ ಎರಡಕ್ಕೂ ಲೋಕವೆಲ್ಲ ಒಂದೇ ಅಳತೆ. ಬೇರಿಂಗಿನ ಪಕ್ಕದಲ್ಲಿ 6205 ಎಂದಿದ್ದರೆ ಅದು ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ. ಎಂದೇ ಅರ್ಥ, 6206 ಆದರೆ 30, 62, 16. ಸೀಲಿನ ಮೇಲೂ 35-52-7 ಎಂಬಂತೆ ಅಳತೆ ಇರುತ್ತದೆ. ಅಳಿಸಿದ್ದರೆ ಸೀಲನ್ನಲ್ಲ, ಶಾಫ್ಟನ್ನೂ ಅದು ಕೂರುವ ತೂತನ್ನೂ ವರ್ನಿಯರಿನಲ್ಲಿ ಅಳೆಯಿರಿ, ಹಳೆ ಸೀಲು ಹಿಗ್ಗಿರುತ್ತದೆ. ಆ ನಂಬರು ಬರೆದುಕೊಂಡು ಎನ್.ಆರ್. ರಸ್ತೆ, ಎಸ್.ಪಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಿಗೆ ಹೋಗಿ ಬಿಲ್ ಸಮೇತ ಒಳ್ಳೆ ಬ್ರ್ಯಾಂಡಿನದ್ದೇ ತನ್ನಿ, ನಕಲಿ ಬೇರಿಂಗುಗಳ ಕಾಟ ಇದೆ. ಬೋಲ್ಟಿನಲ್ಲಿ ಒಂದು ಎಚ್ಚರ ಬೇಕು. ಜಪಾನ್ ಮೂಲದ ವಿನ್ಯಾಸದ ಯಂತ್ರಗಳಲ್ಲಿ 10 ಮತ್ತು 12 ಮಿ.ಮೀ. ಬೋಲ್ಟುಗಳಿಗೆ 1.25 ಪಿಚ್ಚಿನ ಥ್ರೆಡ್ (ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಅಂತರ) ಇರುವುದುಂಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳದೆ ಕೊಡುವುದು 1.5 ಮತ್ತು 1.75. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ, ಆಗ ಸ್ಪ್ಯಾನರಿಗೆ ಪೈಪ್ ಹಾಕಿ ಎಳೆದರೆ ಎಂಜಿನ್ ಬ್ಲಾಕಿನ ಥ್ರೆಡ್ಡೇ ಕಿತ್ತುಬರುತ್ತದೆ. ಪಿಚ್ ಗೇಜ್ ದುಬಾರಿ ಸಾಮಾನಲ್ಲ. ಬೋಲ್ಟಿನ ತಲೆಯ ಮೇಲೆ 10.9 ಎಂದಿದ್ದ ಕಡೆ ಅದೇ ದರ್ಜೆಯದ್ದನ್ನು ಹಾಕಿ.

ಲಿಫ್ಟಿನ ಕೆಲಸ ಕೇಳಿದಷ್ಟು ಕಷ್ಟವಲ್ಲ. ಜರ್ಕ್ ಹೊಡೆದು ಎತ್ತುವ ಲಿಫ್ಟಿಗೆ ಅನೇಕ ಸಲ ಪಂಪು ಎಣ್ಣೆ ಎಳೆಯುವ ದಾರಿಯ ಸಕ್ಷನ್ ಜಾಲರಿ ತೊಳೆದರೆ ಸಾಕು. ಗೇರ್‌ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ ಇರುವ ಯಂತ್ರಕ್ಕೆ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಅಂಗಡಿಯವನು ಕೊಟ್ಟ ದಪ್ಪ 90 ನಂಬರ್ ಹಾಕಿದರೆ ಬೆಳಗಿನ ಚಳಿಯಲ್ಲಿ ಪಂಪು ಎಣ್ಣೆ ಎಳೆಯದೆ ಕಿರುಚುತ್ತದೆ. ವೈರಿಂಗ್ ಹಸಿರುಗಟ್ಟಿದ್ದರೆ ತೇಪೆ ಹಾಕದೆ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಹೊಸದಾಗಿ ಕಟ್ಟಿಸಿ, ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯ ಬುಡವನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನು ಹಿಂದಿನವರು ನೇರ ಸೇರಿಸಿಟ್ಟಿದ್ದರೆ ಅದನ್ನು ಮೊದಲಿನಂತೆ ಮಾಡಿಸಿ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚ ಇಲ್ಲದೆ ಯಂತ್ರ ಹೊರಗೆ ಹೋಗಬಾರದು. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ತುದಿ, ಸೆರಗು, ಹೆಗಲ ಟವೆಲ್ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಎಳೆಯುವ ಕೆಲಸಕ್ಕೆ ಹಗ್ಗ, ಚೈನು ಕಟ್ಟುವುದಾದರೆ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಟಾಪ್ ಲಿಂಕಿಗೆ ಕಟ್ಟಿದರೆ ಸಣ್ಣ ಟ್ರಾಕ್ಟರ್ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ.

ಪೇಂಟು ಇವೆಲ್ಲ ಮುಗಿದು, ಯಂತ್ರ ಹತ್ತಿಪ್ಪತ್ತು ಗಂಟೆ ದುಡಿದು, ಎಲ್ಲಿಯೂ ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ. ತುಕ್ಕು ಕೆರೆದು, ಎಣ್ಣೆ ಜಿಡ್ಡು ಥಿನ್ನರಿನಲ್ಲಿ ಒರೆಸಿ, ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ನಂಬರ್ ಪ್ಲೇಟಿಗೂ ಗ್ರೀಸ್ ನಿಪ್ಪಲ್ಲುಗಳಿಗೂ ಟೇಪ್ ಅಂಟಿಸಿ. ರೇಡಿಯೇಟರಿಗೆ ದಪ್ಪ ಬಣ್ಣ ಬಳಿದರೆ ರೆಕ್ಕೆಗಳ ಸಂದು ಮುಚ್ಚಿ ಶಾಖ ಹೊರಗೆ ಹೋಗುವುದಿಲ್ಲ.

ಕೊನೆಯದಾಗಿ ಕೃಷಿ ಇಲಾಖೆಗೂ ಕೃಷಿ ವಿಶ್ವವಿದ್ಯಾಲಯಕ್ಕೂ ಪತ್ರಿಕೆಯ ಮೂಲಕ ಒಂದು ಕೋರಿಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಸಾಲು ಸಾಲು ಮಳಿಗೆ ಇರುತ್ತದೆ. ಅಲ್ಲೇ ಒಂದು ಮೂಲೆಯಲ್ಲಿ ಹಳೆ ಯಂತ್ರದ ತಪಾಸಣೆಯ ಪ್ರಾತ್ಯಕ್ಷಿಕೆ ಇಡಲಿ. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಒಂದು ಡೀಸೆಲ್ ಕಂಪ್ರೆಷನ್ ಗೇಜ್, ಅದಕ್ಕೆ ಚಾಲ್ತಿಯಲ್ಲಿರುವ ಮಾಡೆಲ್‌ಗಳ ಅಡಾಪ್ಟರುಗಳು, ಒಂದು ನಾಜಲ್ ಟೆಸ್ಟರ್, ಒಂದು ಟಾರ್ಕ್ ರೆಂಚ್ ಇಟ್ಟು, ತಿಂಗಳಿಗೊಂದು ದಿನ ಶುಲ್ಕ ಪಡೆದು ತಪಾಸಣೆ ಮಾಡಿ ಅಂಕಿಗಳನ್ನು ಬರೆದುಕೊಡುವ ಏರ್ಪಾಡು ಮಾಡಲಿ. ಕೊಳ್ಳುವವನ ಕೈಯಲ್ಲಿ ಆ ಚೀಟಿ ಇದ್ದರೆ ಚೌಕಾಸಿ ಕಂಪ್ರೆಷನ್ ಅಂಕಿಯ ಮೇಲೆ ನಡೆಯುತ್ತದೆ. ಕಂಪನಿಗಳು ತಮ್ಮ ಹಳೆ ಮಾಡೆಲ್‌ಗಳ ಬಿಡಿಭಾಗದ ಪಟ್ಟಿಯನ್ನೂ ಸರ್ವಿಸ್ ಪುಸ್ತಕವನ್ನೂ ಕನ್ನಡದಲ್ಲಿ ಕೊಟ್ಟರೆ, ಟಾರ್ಕ್ ಎಷ್ಟು, ಸಂದು ಎಷ್ಟು ಎಂದು ಹಳ್ಳಿಯ ಮೆಕ್ಯಾನಿಕ್ಕು ಅಂದಾಜು ಹೊಡೆಯಬೇಕಾಗುವುದಿಲ್ಲ.

ಇಂತಿ,
ಒಬ್ಬ ಓದುಗ
ಯಲಹಂಕ, ಬೆಂಗಳೂರು